ಕೊಬ್ಬು ಇಳಿದದ್ದು

ಹೃದ್ರೋಗದ ಆಸ್ಪತ್ರೆಯ ಹಜಾರದಲ್ಲಿ ಕೂತಿದ್ದವರೆಲ್ಲ ಗುಣವಾಗಲು ಬಂದಿದ್ದರು. ಅವನು ಹೊಗಳಿಸಿಕೊಳ್ಳಲು ಬಂದಿದ್ದ. ಅಂಗಿಯ ಜೇಬಿನಲ್ಲಿ ರಕ್ತಪರೀಕ್ಷೆಯ ವರದಿ ಇತ್ತು. ಬೆಳಗಿನಿಂದ ಅದನ್ನು ಬಿಚ್ಚಿ ನೋಡಿ, ಮಡಿಸಿ, ಮತ್ತೆ ಬಿಚ್ಚಿ, ಮಡಿಕೆಯ ಗೆರೆಯೇ ಸವೆದುಹೋಗಿತ್ತು. ಒಟ್ಟು ಕೊಲೆಸ್ಟರಾಲ್ ತೊಂಬತ್ತೆಂಟು. ಶಾಲೆಯಲ್ಲಿ ಗಣಿತಕ್ಕೂ ಅವನಿಗೆ ಅಷ್ಟು ಬಂದಿರಲಿಲ್ಲ. ಬಂದಿದ್ದರೆ ಅಪ್ಪ ಜೀವಮಾನದಲ್ಲಿ ಒಮ್ಮೆಯಾದರೂ ಪೇಪರಿನಿಂದ ಮುಖ ಎತ್ತಿ ನೋಡುತ್ತಿದ್ದರೇನೋ. ಎದುರು ಬೆಂಚಿನಲ್ಲಿ ಒಬ್ಬ ದಪ್ಪ ಹೆಂಗಸು ಇಬ್ಬರ ಜಾಗ ಹಿಡಿದು ಕೂತು ಬಾಯಿಂದ ಉಸಿರು ಎಳೆಯುತ್ತಿದ್ದಳು. ಅವಳ ಪಕ್ಕದ ಮುದುಕನ ಕುತ್ತಿಗೆ ಎಲ್ಲಿ ಮುಗಿದು ಗಲ್ಲ ಎಲ್ಲಿ ಶುರುವಾಗುತ್ತದೆಂದು ಹೇಳುವಂತಿರಲಿಲ್ಲ. ಇವರದೆಲ್ಲ ಎಷ್ಟಿರಬಹುದೆಂದು ಅವನು ಮನಸ್ಸಿನಲ್ಲೇ ಅಂದಾಜು ಹಾಕಿದ, ಹಾಕಿದ ಮೇಲೆ ಅವರ ಬಗ್ಗೆ ಕನಿಕರಪಟ್ಟ. ಕನಿಕರ ಅವನಿಗೆ ಯಾವಾಗಲೂ ಹೀಗೆ, ಅಂಕಿ ಗೊತ್ತಾದ ಮೇಲೆಯೇ ಹುಟ್ಟುತ್ತಿತ್ತು. ಅದು ಕಸುಬಿನಿಂದ ಬಂದ ಗುಣ. ಜೀವವಿಮೆಯ ಕಚೇರಿಯಲ್ಲಿ ಅರ್ಜಿದಾರರ ವೈದ್ಯಕೀಯ ವರದಿ ಓದಿ, ಈ ಮನುಷ್ಯ ಬದುಕುವ ಪೈಕಿಯೋ ಸಾಯುವ ಪೈಕಿಯೋ ಎಂದು ತೀರ್ಮಾನಿಸುವುದು ಅವನ ಕೆಲಸ. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಜನ ಅವನ ಮೇಜಿಗೆ ರಕ್ತವಾಗಿ, ಮೂತ್ರವಾಗಿ, ಸೊಂಟದ ಸುತ್ತಳತೆಯಾಗಿ ಬರುತ್ತಿದ್ದರು. ಅವನು ‘ಸ್ವೀಕೃತ’ ಎಂದೋ ‘ತಿರಸ್ಕೃತ’ ಎಂದೋ ಬರೆದು ಸಹಿ ಹಾಕುತ್ತಿದ್ದ. ಸಹಿ ಮಾತ್ರ ಬಹಳ ಚೆಂದ.

ಪಕ್ಕದಲ್ಲಿ ಹೆಂಡತಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಗೋಡೆಯ ಮೇಲೆ ದೊಡ್ಡದೊಂದು ಬಣ್ಣದ ಚಿತ್ರ: ಅಡ್ಡಕ್ಕೆ ಸೀಳಿದ ಹೃದಯ, ಅದರ ನಾಳದೊಳಗೆ ಕೆನೆಗಟ್ಟಿದ ಹಳದಿ ಜಿಡ್ಡು.

‘ನೋಡು, ಅದೇ ಬೆಣ್ಣೆ,’ ಎಂದ ಅವನು.

‘ಹೂಂ. ಹೋದ ಸಲಾನೂ ತೋರಿಸಿದ್ರಿ,’ ಎಂದಳು.

ಬೆಣ್ಣೆಯನ್ನು ಅವನು ಮನೆಯಿಂದ ಓಡಿಸಿದ್ದು ಎಷ್ಟೋ ವರ್ಷದ ಹಿಂದೆ, ಕಚೇರಿಯ ಹಿರಿಯ ಗುಮಾಸ್ತನೊಬ್ಬ ಊಟದ ಡಬ್ಬಿಯ ಮೇಲೆಯೇ ಮುಖವಿಟ್ಟು ಸತ್ತ ದಿನ. ಆ ಸಂಜೆ ಮನೆಗೆ ಬಂದಾಗ ಇವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ನಿಂತಿದ್ದಳು. ಅವಳು ಬೆಣ್ಣೆ ಹಚ್ಚುವ ರೀತಿಯೇ ಬೇರೆ: ಮೂಲೆ ಬಿಡದೆ, ಅಂಚು ಬಿಡದೆ, ಗೋಡೆಗೆ ಸುಣ್ಣ ಬಳಿಯುವವರ ಶ್ರದ್ಧೆಯಲ್ಲಿ, ಕೆಳತುಟಿಯನ್ನು ಸ್ವಲ್ಪ ಕಚ್ಚಿಕೊಂಡು. ಅವನು ಬೆಣ್ಣೆಯ ಬಟ್ಟಲನ್ನು ಎತ್ತಿ ಕಸದ ಬುಟ್ಟಿಗೆ ಬೋರಲು ಹಾಕಿದ. ಅವಳು ಕೈಯಲ್ಲಿ ಚಾಕು ಹಿಡಿದು ಹಾಗೆಯೇ ನಿಂತಿದ್ದಳು. ಆಮೇಲೆ ಮೊಟ್ಟೆಯ ಹಳದಿ ಹೋಯಿತು, ಕೆನೆ ಹೋಯಿತು, ಕರಿದದ್ದು ಹೋಯಿತು, ಊಟದ ಹೊತ್ತಿನ ಮಾತೂ ಯಾವಾಗಲೋ ಹೋಯಿತು. ‘ನಾವಿಬ್ಬರೂ ಬಿಟ್ಟುಬಿಟ್ಟೆವು,’ ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಆದರೆ ಚಾಕು ಹಿಡಿದು ನಿಂತ ಅವಳ ರೂಪ ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಕಚೇರಿಗೆ ನಡೆದು ಹೋಗುವಾಗ, ಹಲ್ಲುಜ್ಜುವಾಗ, ಬೇರೆ ಯಾರಾದರೂ ಬಾಯಿ ಚಪ್ಪರಿಸಿದಾಗ ಅದು ಕಣ್ಣೆದುರು ಬರುತ್ತಿತ್ತು. ನನಗೋಸ್ಕರ ಪಾಪ ಇವಳು ಬಾಯಿ ಕಟ್ಟಿದಳಲ್ಲ ಎಂದು ಎದೆ ಚುರ್ ಎನ್ನುತ್ತಿತ್ತು. ಹಾಗೆ ಚುರ್ ಎನ್ನುವುದರಲ್ಲಿ ಒಂದು ಸುಖವೂ ಇತ್ತೆಂಬುದನ್ನು ಅವನು ಒಪ್ಪುತ್ತಿರಲಿಲ್ಲ. ಒಬ್ಬರ ತ್ಯಾಗಕ್ಕೆ ಕಾರಣನಾಗುವುದೆಂದರೆ ಸಣ್ಣ ಅಂತಸ್ತೇನಲ್ಲ.

ಇಷ್ಟೆಲ್ಲ ಮಾಡಿಯೂ ಹೃದಯ ಕೈಕೊಟ್ಟಿತ್ತು. ನಾಳಗಳೆಲ್ಲ ಹೊಸ ಕೊಳವೆಗಳ ಹಾಗೆ ಸ್ವಚ್ಛವಾಗಿದ್ದವು. ಸೋತದ್ದು ಸ್ನಾಯು, ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ. ಕಚೇರಿಯ ಮೆಟ್ಟಿಲಲ್ಲಿ ಏದುಸಿರು ಬಂದು ಕೂತವನನ್ನು ಆಸ್ಪತ್ರೆಗೆ ಸೇರಿಸಿದಾಗ, ಇದು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ನಿಂತಿದೆ ಅಂತಲ್ಲ, ರಕ್ತ ತಳ್ಳುವ ಶಕ್ತಿ ಕಮ್ಮಿಯಾಗಿದೆ ಅಂತ, ಎಂದು ಅಲ್ಲಿಯವರು ಬಿಡಿಸಿ ಹೇಳಿದ್ದರು. ಕಚೇರಿಗೆ ಮುಟ್ಟಿದ್ದು ಮಾತಿನ ಮೊದಲ ಅರ್ಧ ಮಾತ್ರ. ‘ಮೇಡಂ, ಮನೆಗೆ ಯಾವಾಗ ತರ್ತೀರಿ?’ ಎಂದು ವಿಭಾಗದ ಮುಖ್ಯಸ್ಥ ಗಂಟಲು ಗದ್ಗದ ಮಾಡಿಕೊಂಡು ಫೋನಿನಲ್ಲಿ ಕೇಳಿದನಂತೆ. ‘ತರೋದೇನು, ಅವರೇ ನಡ್ಕೊಂಡು ಬರ್ತಾರೆ, ಕಾಫಿ ಕುಡೀತಿದಾರೆ,’ ಎಂದಳಂತೆ ಇವಳು. ಅವನು ಮತ್ತೆ ಕೆಲಸಕ್ಕೆ ಹೋದ ದಿನ ಜನ ಅವನನ್ನು ನೋಡಿದ ನೋಟದಲ್ಲಿ ಸಂತೋಷಕ್ಕಿಂತ ಒಂದು ಬಗೆಯ ಮುಜುಗರವೇ ಹೆಚ್ಚಿತ್ತು. ಕುರ್ಚಿಗೆ ಆಗಲೇ ಬೇರೆ ಯಾರೋ ದಿಂಬು ಹಾಕಿಕೊಂಡಿದ್ದರು. ‘ಸಾಹೇಬರಿಗೆ ಇನ್ನೂ ಕೊಬ್ಬು ಇಳಿದಿಲ್ಲ’ ಎಂದು ಕಾಫಿ ಯಂತ್ರದ ಹತ್ತಿರ ಯಾರೋ ಅಂದದ್ದು ಕಿವಿಗೆ ಬಿತ್ತು. ಆ ಮಾತಿಗೆ ಎರಡರ್ಥ ಇದೆಯೆಂದು ತಿಳಿಯದಷ್ಟು ದಡ್ಡನಲ್ಲ ಅವನು. ಆದರೆ ಉತ್ತರ ಕೊಟ್ಟದ್ದು ಒಂದೇ ಅರ್ಥಕ್ಕೆ: ಊಟ ಇನ್ನೂ ಅರ್ಧ ಮಾಡಿದ. ಬೆಲ್ಟಿಗೆ ಹೊಸ ತೂತು ಹೊಡೆಸಿದಾಗಲೆಲ್ಲ ಅವನಿಗೆ ಬಡ್ತಿ ಸಿಕ್ಕಷ್ಟು ಖುಷಿ. ‘ತುಂಬ ಇಳಿದುಹೋಗಿದೀರಿ, ಹೆಗಲ ಮೂಳೆ ಕಾಣ್ತಿದೆ,’ ಎಂದು ಹೆಂಡತಿ ಒಂದು ದಿನ ಅಂದಾಗ, ‘ಹೊಟ್ಟೆಕಿಚ್ಚು ಪಡಬೇಡ,’ ಎಂದಿದ್ದ. ಕಾಲು ಮಾತ್ರ ಊದುತ್ತಿತ್ತು. ಕಾಲುಚೀಲ ತೆಗೆದರೆ ಅದರ ಗೆರೆ ಚರ್ಮದಲ್ಲಿ ಹಾಗೇ ಉಳಿಯುತ್ತಿತ್ತು. ಅದು ನೀರು, ಕೊಬ್ಬಲ್ಲ. ನೀರಿಗೆ ಅವನ ಲೆಕ್ಕದಲ್ಲಿ ನಾಚಿಕೆಪಡಬೇಕಾಗಿರಲಿಲ್ಲ.

‘ಏನ್ ಭಾವಾ, ಫಸ್ಟ್ ಕ್ಲಾಸಾ?’

ಹಜಾರದ ಬಾಗಿಲಿನಿಂದಲೇ ಕೂಗಿದವನು ಷಡ್ಡಕ, ಹೆಂಡತಿಯ ತಂಗಿಯ ಗಂಡ, ಬೇಕರಿಯವನು. ಅವನದೂ ಇದೇ ಕಾಯಿಲೆ, ಇವನಿಗಿಂತ ಮೊದಲೇ ಶುರುವಾದದ್ದು. ಅದರಲ್ಲೂ ಅವನೇ ಮುಂದೆ. ದೊಡ್ಡ ಮೈಯನ್ನು ಬಾಗಿಲಿನಿಂದ ಒಳಗೆ ತಂದು, ಮೊದಲು ಗೋಡೆಗೆ ಒರಗಿ ದಮ್ಮು ತೆಗೆದುಕೊಂಡು, ಆಮೇಲೆ ನಕ್ಕ. ಅವನ ಜೊತೆಗೆ ಬೆಂದ ಹಿಟ್ಟಿನ, ಕರಗಿದ ಬೆಣ್ಣೆಯ ವಾಸನೆಯೂ ಒಳಗೆ ಬಂತು. ಔಷಧಿಯ ವಾಸನೆಯಲ್ಲಿ ಕೂತಿದ್ದ ಜನ ತಲೆ ಎತ್ತಿ ನೋಡಿದರು. ಎದುರಿನ ಹೆಂಗಸು ಬಾಯಿ ಮುಚ್ಚಿ ಮೂಗಿನಿಂದ ಉಸಿರೆಳೆದಳು.

‘ನಿಮ್ಮದೆಷ್ಟು?’ ಎಂದು ಕೇಳಿದ ಇವನು. ಕುಶಲ ಕೇಳುವ ಇವನ ರೀತಿಯೇ ಅದು.

‘ಇನ್ನೂರ ನಲವತ್ತೋ ಏನೋ ಅಂದ್ರು. ನನಗೆ ಈ ಲೆಕ್ಕ ತಲೆಗೆ ಹತ್ತಲ್ಲ, ನಿಮ್ಮಷ್ಟು ಓದಿದೋನಲ್ಲ. ಅತ್ತಿಗೆ, ಚೆನ್ನಾಗಿದೀರಾ?’

‘ಚೆನ್ನಾಗಿದೀನಿ,’ ಎಂದಳು ಹೆಂಡತಿ, ಅವತ್ತು ಮೊದಲ ಸಲ ನಗುತ್ತ.

ಇನ್ನೂರ ನಲವತ್ತು. ಕಿವಿಗೆ ಸಂಗೀತ ಬಿದ್ದ ಹಾಗಾಯಿತು. ಈ ಷಡ್ಡಕನ ವಿಮೆಯ ಅರ್ಜಿ ಹಿಂದೊಮ್ಮೆ ಇವನ ಮೇಜಿಗೇ ಬಂದಿತ್ತು. ನೆಂಟಸ್ತಿಕೆ ಇದೆ ಎಂದು ಬೇರೆಯವರಿಗೆ ಕಳಿಸಬಹುದಿತ್ತು. ಪಕ್ಷಪಾತ ಮಾಡಿದೆ ಅನ್ನಿಸಿಕೊಳ್ಳಬಾರದೆಂದು ಇವನೇ ಇಟ್ಟುಕೊಂಡು, ಇವನೇ ‘ತಿರಸ್ಕೃತ’ ಎಂದು ಬರೆದ. ಮಾರನೆಯ ವಾರ ಕಚೇರಿಗೆ ಒಂದು ದೊಡ್ಡ ಕೇಕು ಬಂತು, ಮೇಲೆ ಕ್ರೀಮಿನಲ್ಲಿ ‘ಸ್ವೀಕೃತ’ ಎಂದು ಬರೆದಿತ್ತು, ಕೆಳಗೆ ಇವನ ಸಹಿಯ ತದ್ರೂಪ. ಇಡೀ ವಿಭಾಗ ಹೊಟ್ಟೆ ಹಿಡಿದು ನಕ್ಕು, ಸಹಿಯನ್ನು ಪಾಲು ಮಾಡಿಕೊಂಡು ತಿಂದಿತು. ಯಾರೋ ತಟ್ಟೆ ಕೊಡುವಾಗ ಬೆರಳಿಗೆ ತಾಗಿದ ಕ್ರೀಮನ್ನು ಇವನು ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆದ. ಷಡ್ಡಕನಿಗೆ ಒಂದು ಚೂರು ಸಿಟ್ಟೂ ಇರಲಿಲ್ಲವೆಂಬುದೇ ಇವನಿಗೆ ಬಹಳ ದಿನ ಸಿಟ್ಟು ತರಿಸಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಯಾವ ಪೀಠಿಕೆಯೂ ಇಲ್ಲದೆ ಅವನ ಕಾಲಿನ ಗಂಟಿನ ಹತ್ತಿರ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ಗುಳಿ ಉಳಿಯಿತು. ಆಮೇಲೆ ರೆಟ್ಟೆ ಹಿಡಿದು ನೋಡಿದಳು. ಬಟ್ಟೆ ಅಂಗಡಿಯಲ್ಲಿ ಬಟ್ಟೆಯ ನೇಯ್ಗೆ ನೋಡುವವರ ಹಾಗೆ ಅವನ ಚರ್ಮವನ್ನು ಎರಡು ಬೆರಳಿನ ನಡುವೆ ಹಿಡಿದು ಬಿಟ್ಟಳು.

‘ತೂಕ ಹೋದ ಸಲದಷ್ಟೇ ಇದೆ,’ ಎಂದಳು. ‘ಅದರಲ್ಲಿ ನೀರೆಷ್ಟು, ನೀವೆಷ್ಟು ಅನ್ನೋದು ಪ್ರಶ್ನೆ.’

‘ಕೊಲೆಸ್ಟರಾಲ್ ನೋಡಿದ್ರಾ?’ ಎಂದು ಅವನೇ ನೆನಪಿಸಿದ.

‘ನೋಡಿದೆ. ನನಗೆ ಇಷ್ಟ ಆಗ್ಲಿಲ್ಲ.’

ತಮಾಷೆಯಿರಬೇಕೆಂದು ನಕ್ಕ. ‘ಇನ್ನೂ ಇಳಿಸ್ಬೇಕಾ?’

‘ಇಷ್ಟು ಇಳೀಬಾರದಾಗಿತ್ತು.’ ಅವಳು ವರದಿಯನ್ನು ಮೇಜಿನ ಮೇಲಿಟ್ಟು, ಅದರ ಸವೆದ ಮಡಿಕೆಯನ್ನು ಒಮ್ಮೆ ಸವರಿದಳು. ‘ನೋಡಿ, ಗಟ್ಟಿಮುಟ್ಟಾಗಿರೋರಿಗೆ ಕೊಲೆಸ್ಟರಾಲ್ ಜಾಸ್ತಿಯಾದ್ರೆ ಕೆಟ್ಟದ್ದು, ಅದು ನಿಜ. ಆದ್ರೆ ಹೃದಯ ಆಗಲೇ ಸೋತಿರೋರಲ್ಲಿ ಲೆಕ್ಕ ಉಲ್ಟಾ ಕಾಣುತ್ತೆ. ತೀರ ಕಮ್ಮಿ ಇರೋರ ಸ್ಥಿತೀನೇ ಹೆಚ್ಚಾಗಿ ಬೇಗ ಹದಗೆಡುತ್ತೆ.’

‘ಅಂದ್ರೆ ಜಾಸ್ತಿ ಇರೋರು ಜಾಸ್ತಿ ದಿನ ಬದುಕ್ತಾರಾ?’

‘ಒಟ್ಟು ಜನರ ಲೆಕ್ಕದಲ್ಲಿ ಹಾಗೆ ಬರುತ್ತೆ. ಹಾಗಂತ ಕೊಲೆಸ್ಟರಾಲೇ ಅವರನ್ನ ಕಾಪಾಡ್ತಿದೆ ಅಂತ ಹೇಳೋಕಾಗಲ್ಲ. ಕಾಯಿಲೆ ಜೋರಾದಾಗ ಅದು ಮೈಯನ್ನೇ ತಿನ್ನೋಕೆ ಶುರು ಮಾಡುತ್ತೆ, ಮಾಂಸ, ಕೊಬ್ಬು, ಎಲ್ಲಾನೂ. ಅದರ ಜೊತೆ ಕೊಲೆಸ್ಟರಾಲೂ ಇಳಿಯುತ್ತೆ. ನಿಮ್ಮದು ಆ ಥರದ್ದು ಅಂತ ನನ್ನ ಅನುಮಾನ.’

‘ಇದು ನಾನು ಪಥ್ಯ ಮಾಡಿ ಇಳಿಸಿದ್ದು,’ ಎಂದ ಅವನು. ದನಿ ತನಗೇ ಗೊತ್ತಿಲ್ಲದೆ ಎತ್ತರವಾಗಿತ್ತು.

‘ಬರೀ ಪಥ್ಯದಿಂದ ಇಷ್ಟು ಇಳಿಯೋದು ಅಪರೂಪ,’ ಎಂದಳು ಡಾಕ್ಟರು, ಸಮಾಧಾನ ಹೇಳುವ ಹಾಗೆ.

ಸಮಾಧಾನವಂತೆ. ಕಳ್ಳನ ಮನೆಗೆ ಬಂದು, ಚಿಂತೆ ಮಾಡಬೇಡ, ಈ ಒಡವೆ ಕದ್ದದ್ದು ನೀನಲ್ಲ ಅಂದರೆ ಕಳ್ಳನಿಗೆ ಖುಷಿಯಾಗಬಹುದು. ಇವನೋ ಆ ಒಡವೆಯನ್ನು ಸ್ವಂತ ಸಂಪಾದನೆಯೆಂದು ಹಾಕಿಕೊಂಡು ಊರೆಲ್ಲ ಮೆರೆದಿದ್ದ. ಇಷ್ಟು ದಿನ ಓಡಿದ್ದು ಕಾಯಿಲೆ, ಪದಕ ಹಾಕಿಕೊಂಡದ್ದು ತಾನು. ಒಂದೊಂದು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಾಗ ತನ್ನ ಸಂಯಮ ಅಂದುಕೊಂಡನಲ್ಲ, ಅದು ಬರೀ ಹಸಿವಿಲ್ಲದಿರುವುದೇ? ಕಚೇರಿಯಲ್ಲಿ ಅರ್ಜಿದಾರರ ಅಪಾಯ ಅಳೆಯುವ ಕೋಷ್ಟಕ ಕಣ್ಣೆದುರು ಬಂತು. ಅದರಲ್ಲಿ ಹೆಚ್ಚಿನ ಅಂಕಿಯ ಮನೆಗಳಿಗೆಲ್ಲ ಕೆಂಪು ಶಾಯಿ, ಕಡಿಮೆ ಅಂಕಿಯ ಮನೆಗಳಿಗೆ ಏನೂ ಇಲ್ಲ, ಬಿಳಿ. ಎಷ್ಟು ಜನ ಬಡಕಲರನ್ನು, ಮನಸ್ಸಿನಲ್ಲೇ ಭೇಷ್ ಎಂದು, ಬಿಳಿಯ ಮನೆಗೆ ಕಳಿಸಿದ್ದನೋ. ‘ಹಾಗಾದ್ರೆ ನನ್ನ ಅಪಾಯದ ಪ್ರಮಾಣ…’ ಎಂದು ಶುರು ಮಾಡಿ ನಿಲ್ಲಿಸಿದ. ಇಂಥ ಒಂದು ಕಡತ ಮೇಜಿಗೆ ಬಂದರೆ ತಾನು ಏನು ಬರೆಯುತ್ತೇನೆಂದು ಅವನಿಗೆ ಗೊತ್ತಿತ್ತು, ಅಕ್ಷರದ ಓರೆ ಸಹಿತ.

‘ಇವರಿಗೆ ಏನು ಕೊಡ್ಲಿ?’ ಎಂದು ಕೇಳಿದಳು ಹೆಂಡತಿ.

‘ಉಪ್ಪು, ನೀರು ಹಿಡಿತದಲ್ಲಿರಲಿ. ಅದು ಬಿಟ್ಟು ಸೇರೋದನ್ನ ಸ್ವಲ್ಪ ಸ್ವಲ್ಪ, ಆಗಾಗ ಕೊಡಿ. ಮೊಟ್ಟೆ ಪೂರ್ತಿ ಕೊಡಿ. ಬೆಣ್ಣೆ ಹಾಕಿದ್ರೂ ಪರವಾಗಿಲ್ಲ. ಮೈಯಲ್ಲಿ ಒಂದಿಷ್ಟು ಶಕ್ತಿ ಬರ್ಬೇಕು, ಅಷ್ಟೇ. ಕೆಲವು ಪರೀಕ್ಷೆ ಬರೀತೀನಿ, ಆಮೇಲೆ ನೋಡೋಣ.’

ಹೆಂಡತಿ ಏನೋ ಹೇಳಲು ಬಾಯಿ ತೆರೆದು, ಅವನ ಕಡೆ ನೋಡಿ ಮುಚ್ಚಿಕೊಂಡಳು. ಈಗ ಇವಳ ಕಾಲ ಬಂತು ಎಂದುಕೊಂಡ ಅವನು. ಮನೆಗೆ ಹೋದ ಮೇಲೆ ಅನ್ನುತ್ತಾಳೆ. ಇಷ್ಟು ವರ್ಷದ್ದೆಲ್ಲ ಸೇರಿಸಿ ಅನ್ನುತ್ತಾಳೆ, ಅನ್ನುವ ಹಕ್ಕೂ ಅವಳಿಗಿದೆ. ಆ ಬೈಗುಳವನ್ನು ತಲೆ ತಗ್ಗಿಸಿ ಕೇಳುವ ತನ್ನ ಭಂಗಿಯನ್ನು ಅವನು ಬಾಗಿಲು ದಾಟುವಷ್ಟರಲ್ಲಿ ಸಿದ್ಧಮಾಡಿಕೊಂಡಿದ್ದ.

ಷಡ್ಡಕ ತನ್ನ ಸರದಿ ಮುಗಿಸಿ ಹೊರಗೆ ಕಾಯುತ್ತಿದ್ದ. ‘ಏನಂದ್ರು ಭಾವ?’

‘ಪರವಾಗಿಲ್ಲ ಅಂದ್ರು.’

‘ಸರಿಯಾಗಿ ತಿನ್ನಿ ಅಂದ್ರು,’ ಎಂದಳು ಹೆಂಡತಿ. ‘ಬೆಣ್ಣೆ ಹಾಕಿದ್ರೂ ಪರವಾಗಿಲ್ಲ ಅಂದ್ರು.’

ಷಡ್ಡಕ ನಗಲು ಶುರುಮಾಡಿದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಗೋಡೆ ಹಿಡಿದು ಬಗ್ಗಿದವನ ತುಟಿ ನೀಲಿಯಾಗಿತ್ತು, ಹಣೆಯಲ್ಲಿ ಬೆವರು ಒಡೆದಿತ್ತು. ಹೆಂಡತಿ ಓಡಿಹೋಗಿ ಬೆನ್ನು ಸವರಿದಳು. ಇವನು ಕೈ ಕಟ್ಟಿಕೊಂಡು ನಿಂತಿದ್ದ. ಎಂದೂ ಈ ಮನುಷ್ಯನನ್ನು ರೋಗಿ ಎಂದು ನೋಡಿರಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನು ಎಂದೇ ನೋಡಿದ್ದ.

‘ನಿಮಗೇನಪ್ಪ, ಒಳ್ಳೆ ಅಂಕಿ ಇದೆಯಲ್ಲ,’ ಎಂದ ಇವನು, ಷಡ್ಡಕನ ಉಸಿರು ತಹಬಂದಿಗೆ ಬಂದ ಮೇಲೆ. ಸಂತೈಸುವ ಮಾತಿನಲ್ಲೂ ಇವನಿಗೆ ಕೊಂಕು ಬಿಟ್ಟು ಬರುತ್ತಿರಲಿಲ್ಲ.

‘ಅಂಕಿ ಮೆಟ್ಟಿಲು ಹತ್ತಲ್ಲ ಭಾವ, ನಾನೇ ಹತ್ಬೇಕು,’ ಎಂದ ಷಡ್ಡಕ. ‘ದಿಂಬಿನ ಮೇಲೆ ದಿಂಬು ಇಟ್ಕೊಂಡು ಕೂತೇ ನಿದ್ದೆ ಮಾಡ್ತೀನಿ. ಬನ್ನಿ, ಬೇಕರಿ ಇಲ್ಲೇ ಇದೆ, ಕೂತು ಹೋಗೋರಂತೆ.’

ಬೇಡ ಎನ್ನಲು ಹೊರಟವನ ಮುಂದೆ ಹೆಂಡತಿ ಆಗಲೇ ಹೆಜ್ಜೆ ಹಾಕಿದ್ದಳು. ಆ ಬೇಕರಿಯ ಬಾಗಿಲನ್ನು ಅವನು ತತ್ವಕ್ಕಾಗಿ ಎಂದೂ ದಾಟಿರಲಿಲ್ಲ; ತಂಗಿಯನ್ನು ನೋಡಿಬರುತ್ತೇನೆ ಎಂದು ಅವಳು ಹೋಗುವಾಗ ಬೀದಿಯ ತಿರುವಿನವರೆಗೆ ಬಿಟ್ಟು ವಾಪಸಾಗುತ್ತಿದ್ದ. ಒಳಗೆ ಬಿಸಿ. ಗಾಜಿನ ಹಿಂದೆ ಸಾಲಾಗಿ ಬನ್ನು, ಬಿಸ್ಕತ್ತು, ಮೆರುಗು ಹಚ್ಚಿದ ಬ್ರೆಡ್ಡು, ಎಲ್ಲವೂ ನಾಚಿಕೆಯಿಲ್ಲದೆ ಹೊಳೆಯುತ್ತಿದ್ದವು. ಹೆಂಡತಿ ಯಾರನ್ನೂ ಕೇಳದೆ ಹಿಂದಿನ ಕಿಟಕಿಯ ಪಕ್ಕದ ಮೇಜಿಗೆ ಹೋಗಿ, ಅಲುಗಾಡುವ ಕುರ್ಚಿಯನ್ನು ಬಿಟ್ಟು ಅದರ ಪಕ್ಕದ್ದನ್ನು ಎಳೆದು ಕೂತಳು. ಗಲ್ಲಾದ ಹತ್ತಿರ ನಿಂತಿದ್ದ ಕೆಲಸದ ಹೆಂಗಸು ಅಲ್ಲಿಂದಲೇ ಕೇಳಿದಳು:

‘ಅಮ್ಮಾ, ಯಾವಾಗಿನ ಹಾಗೇನಾ?’

ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ, ‘ಹೂಂ, ಯಾವಾಗಿನ ಹಾಗೇ,’ ಎಂದಳು.

ಬಂದದ್ದು ಬಿಸಿ ಬನ್ನು, ನಡುವೆ ಸೀಳಿ ಅಂಚಿನವರೆಗೆ ಬೆಣ್ಣೆ ಮೆತ್ತಿದ್ದು. ತಟ್ಟೆ ಮೇಜಿನ ಮೇಲೆ ಕೂತಿತು. ಅದನ್ನು ಅವನು ಹಾವು ನೋಡಿದ ಹಾಗೆ ನೋಡಿದ.

‘ಯಾವಾಗಿಂದ?’

‘ನೀವು ಬಟ್ಟಲು ಎಸೆದ್ರಲ್ಲ, ಆ ವಾರದಿಂದ.’

‘ನಾವಿಬ್ಬರೂ ಬಿಟ್ಟಿದ್ವಿ.’

‘ನೀವು ಹಾಗಂತಿದ್ರಿ. ನಾನು ಯಾವತ್ತಾದ್ರೂ ಅಂದಿದ್ದೀನಾ?’

ಅಂದಿರಲಿಲ್ಲ. ಅವನು ನೆನಪುಗಳನ್ನೆಲ್ಲ ಜಾಲಾಡಿದ, ಒಂದು ಸಾಕ್ಷಿಯೂ ಸಿಗಲಿಲ್ಲ. ಇಷ್ಟು ವರ್ಷ ಚಾಕು ಹಿಡಿದು ನಿಂತ ಆ ಪಾಪದ ಹೆಂಗಸಿಗೆ ತಾನು ಮರುಗಿದ್ದೇನು, ಎದೆ ಚುರ್ ಅನ್ನಿಸಿಕೊಂಡದ್ದೇನು, ಅವಳು ವಾರ ವಾರ ಇಲ್ಲಿ ಕೂತು ಬಾಯಿ ಒರೆಸಿಕೊಂಡದ್ದೇನು. ಪಥ್ಯದ ಹೆಮ್ಮೆಯನ್ನು ಡಾಕ್ಟರು ಕಿತ್ತುಕೊಂಡಳು. ಈಗ ಉಳಿದಿದ್ದ ಪಾಪಪ್ರಜ್ಞೆಯನ್ನು ಇವಳು ಕಿತ್ತುಕೊಂಡಳು. ಒಂದೇ ಬೆಳಗ್ಗೆ ಒಬ್ಬ ಮನುಷ್ಯನನ್ನು ಇಷ್ಟು ಬರಿಗೈ ಮಾಡಬಾರದು. ‘ಮೋಸ,’ ಎಂದ. ಮಾತು ತುಂಬ ದೊಡ್ಡದಾಗಿ ಕೇಳಿಸಿತು, ಬನ್ನಿಗೆ ಹೋಲಿಸಿದರೆ.

‘ಮೋಸಾನೇ,’ ಎಂದಳು ಅವಳು. ತಿನ್ನಲು ಕೈ ಹಾಕಿರಲಿಲ್ಲ. ‘ಪೂರ್ತಿ ಕೇಳಿಬಿಡಿ ಹಾಗಾದ್ರೆ. ಆಸ್ಪತ್ರೆಯಿಂದ ಬಂದ ಮೇಲೆ ನಿಮಗೂ ಹಾಕ್ತಿದ್ದೆ. ಸೂಪಿಗೆ. ದಿನಾ.’

‘ಏನನ್ನ?’

‘ಬೆಣ್ಣೆ. ಮೊಟ್ಟೆಯ ಹಳದೀನೂ, ಬೇಯಿಸಿ ಕಿವುಚಿ. ಹೆಗಲ ಮೂಳೆ ಕಾಣ್ತಿದೆ ಅಂದ್ರೆ ನೀವು ಕೇಳ್ಲಿಲ್ಲ. ಇನ್ನೇನು ಮಾಡ್ಲಿ.’

ಸೂಪು. ಕೊಬ್ಬು ಬಿಟ್ಟ ನಾಲಿಗೆಗೆ ತರಕಾರಿಯ ನಿಜವಾದ ರುಚಿ ತಿಳಿಯುತ್ತದೆ, ಈಚೆಗೆ ನಮ್ಮ ಮನೆಯ ಬರೀ ಸೊಪ್ಪಿನ ಸೂಪು ಎಷ್ಟು ಸೊಗಸು ಗೊತ್ತಾ, ಎಂದು ಅವನು ಕಚೇರಿಯಲ್ಲಿ ಕೂರಿಸಿಕೊಂಡು ಬೋಧಿಸಿದ್ದ. ಇಬ್ಬರು ಮನೆಗೆ ಹೋಗಿ ಮಾಡಿ ನೋಡಿ, ನಮಗೆ ಹಾಗೆ ಬರಲಿಲ್ಲ ಎಂದಿದ್ದರು. ನಿಮಗೆ ಸಂಯಮ ಸಾಲದು ಎಂದಿದ್ದ.

ಸಿಟ್ಟು ಬರಲಿ ಎಂದು ಅವನು ಕಾದ. ಸಿಟ್ಟಿಗೂ ರಕ್ತ ಬೇಕು, ಅದನ್ನು ತಳ್ಳುವವರು ಬೇಕು. ಅವಳ ಮುಖ ನೋಡಿದರೆ ಅಲ್ಲಿ ಗೆದ್ದವರ ಕಳೆ ಇರಲಿಲ್ಲ. ಕೆಳತುಟಿ ಕಚ್ಚಿಕೊಂಡಿದ್ದಳು.

‘ಅಷ್ಟು ಹಾಕಿದ್ರೂ ತೊಂಬತ್ತೆಂಟಾ?’ ಎಂದಳು. ‘ದಿನಾ ಹಾಕ್ತಿದ್ದೆನಲ್ರೀ. ಒಂದು ದಿನ ಬಿಟ್ಟಿಲ್ಲ. ಎಲ್ಲಿಗೆ ಹೋಯ್ತು ಅದೆಲ್ಲ?’

ಆಗ ಅವನಿಗೆ ಅರ್ಥವಾಯಿತು, ಡಾಕ್ಟರ ಮುಂದೆ ಅವಳು ಬಾಯಿ ತೆರೆದು ಮುಚ್ಚಿದ್ದು ಯಾತಕ್ಕೆಂದು. ಅವನು ಹೊಗಳಿಸಿಕೊಳ್ಳಲು ಬಂದ ಅಂಕಿಯನ್ನು ಇಡೀ ಬೆಳಗ್ಗೆ ಅವಳು ಬೇರೆ ರೀತಿಯಲ್ಲಿ ಓದುತ್ತ ಕೂತಿದ್ದಳು. ಅದು ಅವಳ ಪರೀಕ್ಷೆಯೂ ಆಗಿತ್ತು, ಅವಳು ಅದರಲ್ಲಿ ಫೇಲಾಗಿದ್ದಳು. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡು ಕಿಟಕಿಯ ಆಚೆ, ಖಾಲಿ ಟ್ರೇಗಳನ್ನು ಒಣಗಿಸಲು ಒರಗಿಸಿಟ್ಟ ಗೋಡೆಯನ್ನು ನೋಡತೊಡಗಿದಳು. ಷಡ್ಡಕ ಏನೋ ತಮಾಷೆ ಮಾಡಲೆಂದು ಮೇಜಿನವರೆಗೆ ಬಂದವನು, ಇಬ್ಬರನ್ನೂ ನೋಡಿ, ಒಂದು ಲೋಟ ನೀರು ಇಟ್ಟು ಹೋದ.

ಅವನು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಬನ್ನಿನ ಒಂದು ಅಂಚು ಮುರಿದು ಬಾಯಿಗಿಟ್ಟ. ಅಷ್ಟು ವರ್ಷ ಹೆದರಿದ್ದ ವಸ್ತು ನಾಲಿಗೆಯ ಮೇಲೆ ಕರಗಿತು. ಆಕಾಶವೇನೂ ಬೀಳಲಿಲ್ಲ, ರುಚಿ ಅಂಥದ್ದೇನೂ ಅನ್ನಿಸಲೂ ಇಲ್ಲ. ಇನ್ನೊಂದು ಚೂರು ಮುರಿಯುವಷ್ಟರಲ್ಲಿ ಹೊಟ್ಟೆ ತುಂಬಿಹೋದ ಹಾಗಾಗಿ, ಗಂಟಲು ಬೇಡ ಎಂದಿತು. ಅದನ್ನು ನುಂಗಿದ, ಬಹಳ ಹೊತ್ತು ತೆಗೆದುಕೊಂಡು. ಅವಳು ತಿರುಗಿ ನೋಡುತ್ತಿದ್ದಳು. ಉಳಿದದ್ದನ್ನು ಅವಳ ಕಡೆ ತಳ್ಳಿದ.

‘ಸೇರಲ್ವಾ?’ ಎಂದಳು.

‘ಸೇರುತ್ತೆ. ಈಗ ಸಾಕು.’ ಬೆರಳಿಗಂಟಿದ ಜಿಡ್ಡನ್ನು ಒರೆಸಿಕೊಳ್ಳಲು ಏನೂ ಸಿಗದೆ ಕೈಯನ್ನು ಹಾಗೇ ಮೇಜಿನ ಮೇಲಿಟ್ಟುಕೊಂಡ. ‘ಎಷ್ಟು ಹಾಕ್ತಿದ್ದೆ?’

‘ಒಂದು ಚಮಚ. ಜಾಸ್ತಿ ಹಾಕಿದ್ರೆ ಮೇಲೆ ತೇಲುತ್ತೆ, ನಿಮಗೆ ಗೊತ್ತಾಗುತ್ತೆ ಅಂತ.’

ಅವಳು ಬನ್ನನ್ನು ಎತ್ತಿಕೊಂಡು ಕಚ್ಚಿದಳು. ಅವಳು ತಿನ್ನುವುದನ್ನು ಅವನು ಎಷ್ಟು ವರ್ಷದಿಂದ ನೋಡಿರಲಿಲ್ಲವೋ. ಮನೆಯ ಊಟದಲ್ಲಿ ಅವನ ಕಣ್ಣು ತಟ್ಟೆ ಬಿಟ್ಟು ಮೇಲೆ ಬರುತ್ತಿರಲಿಲ್ಲ. ಅವಳ ತುಟಿಯ ಅಂಚಿನಲ್ಲಿ ಬೆಣ್ಣೆ ಹತ್ತಿತು. ಅವನು ಅದನ್ನು ಹೇಳಲಿಲ್ಲ.

‘ನಾಳೆಯಿಂದ ಎರಡು ಚಮಚ ಹಾಕು,’ ಎಂದ. ಬೇರೆ ಕಡೆ ನೋಡುತ್ತ ಸೇರಿಸಿದ, ‘ನನಗೆ ಹೇಳ್ಬೇಡ.’